ಆನಿ ಬೆನ್ನು ಹತ್ತಬೇಕಾಗಿದ್ದ ಗಾಡಿ

ಮಾಮಾ,

‘ತೀರ್ಥರೂಪ ಸಮಾನರಾದ’ ಎಂದು ಶುರು ಮಾಡಿದ್ದೆ. ಓದಿದರೆ ನೀನು “ಯಾರಿಗಿ ಬರದೀಯವಾ ಇದು, ತಹಶೀಲ್ದಾರರಿಗೇನು?” ಎಂದು ಕೇಳುತ್ತೀಯ ಅನಿಸಿ ಆ ಹಾಳೆ ಹರಿದು ಹಾಕಿದೆ. ಎಂ.ಎ. ಕನ್ನಡ ಮುಗಿಸಿದವಳಿಗೆ ಒಂದು ಪತ್ರ ಶುರು ಮಾಡಲು ಇಷ್ಟು ಹೊತ್ತು ಬೇಕೇ? ನಾಲ್ಕು ಜನರ ಮುಂದೆ ಬಾಯಿ ಬರುವುದಿಲ್ಲ, ಬರೆಯುವುದಾದರೂ ನೆಟ್ಟಗೆ... ಇರಲಿ. ನಿನಗೆ ತಲುಪಬೇಕಾದ ಸುದ್ದಿಯೊಂದಿದೆ. ಅದು ನಿನ್ನ ಗಾಡಿಯದು, ನೀನು ವಾಡಿಯವರ ಮುಂದೆ ಕೊಟ್ಟು ಹೋದ ಮಾತಿನದು.

ಹೈದರಾಬಾದಿನ ಹಳೆ ಸಾಮಾನಿನ ಬಜಾರಿನಿಂದ ನೀನು ಆ ಗಾಡಿಯನ್ನು ಟವೆಲಿನಲ್ಲಿ ಸುತ್ತಿ ತಂದ ದಿನ ನೆನಪಿದೆಯೇ? ರಿಮೋಟಿನಿಂದ ನಡೆಯುವ, ಕಲ್ಲುಬಂಡೆ ಹತ್ತಲೆಂದೇ ಮಾಡಿದ ಗಾಡಿ. ಯಾರೋ ಉಳ್ಳವರು ಆಡಿ ಬಿಸಾಕಿದ್ದು. ಮೇಲಿನ ಕವಚ ಸೀಳಿತ್ತು. ನಾಲ್ಕು ಗಾಲಿಗಳ ಶಾಕ್ ಅಬ್ಸಾರ್ಬರುಗಳಿಂದ ಎಣ್ಣೆ ಸೋರಿ ಟವೆಲು ಕಪ್ಪಾಗಿತ್ತು. ಅವ್ವ ಬಾಗಿಲಲ್ಲೇ ನಿನ್ನನ್ನು ತಡೆದಳು. “ಗುರ್ಯಾ, ನಿನ್ನ ಕಚೇರಿಯವ್ರೆಲ್ಲಾ ಪ್ಲಾಟ್ ತಗೋಳಿಕತ್ತಾರ. ನೀ ಆಟಿಗಿ ಸಾಮಾನ ತಂದೀಯೇನೋ?”

“ಪ್ಲಾಟಿಗಿ ಗಾಲಿ ಇರ್ತಾವೇನಕ್ಕಾ?” ಅಂದೆ ನೀನು. ಅವ್ವ ನಗು ತಡೆಯಲು ಒಳಗೆ ಹೋದಳು. ಅಲ್ಲಿಂದ ಹಿತ್ತಲ ಕಟ್ಟೆ ನಿನ್ನ ಗ್ಯಾರೇಜಾಯಿತು. ನನ್ನ ಓದಿನ ಜಾಗವೂ ಅದೇ ಆಗಿತ್ತು, ನೀನು ಕೇಳಲೂ ಇಲ್ಲ.

ಒಂದು ಮಧ್ಯಾಹ್ನ ನನ್ನನ್ನು ಮರದ ಮಂಚದ ಮೇಲೆ ಕೂರಿಸಿ ಅಲುಗಾಡಿಸಿದ್ದೆ. ನಮ್ಮ ಅಂಗಳಕ್ಕೆ ಹಾಸಿದ ಪರಸಿ ಕಲ್ಲುಗಳು ಒಂದೊಂದು ಒಂದೊಂದು ಮಟ್ಟಕ್ಕಿವೆ. ಮಂಚ ಟಕಟಕ ಅಂದಿತು. ಆಮೇಲೆ ಅದೇ ಜಾಗದಲ್ಲಿ ಹಗ್ಗದ ಹೊರಸು ಹಾಕಿ ಕೂರಿಸಿದೆ. ಅದು ಒಮ್ಮೆ ಕಿರ್ರ್ ಅಂದು ಸುಮ್ಮನೆ ನಿಂತಿತು. “ತಿಳೀತೇನು? ಮಂಚ ಗಟ್ಟಿ ಅದ, ಅದಕ್ಕ ಒಂದು ಕಾಲು ಎತ್ಕೊಂಡು ನಿಂತದ. ಹೊರಸಿನ ಕೀಲು ಸಡಲ ಅವ, ನಾಲ್ಕೂ ಕಾಲು ಊರ್ತದ. ಕಲ್ಲು ಹತ್ತೋದು ಜೋರಿನಿಂದ ಅಲ್ಲ ವಸೂ. ನಾಲ್ಕೂ ಗಾಲಿ ನೆಲ ಬಿಡಬಾರದು, ಅಷ್ಟ.” ಅಷ್ಟು ಸ್ಪಷ್ಟವಾದ ಪಾಠವನ್ನು ನಾನು ವಿಶ್ವವಿದ್ಯಾಲಯದಲ್ಲಿ ಎಷ್ಟು ಸಲ ಕೇಳಿದ್ದೆ?

ಆಮೇಲಿನ ವಾರ ಪರೀಕ್ಷೆಯ ನೋಟ್ಸ್ ಬರೆಯಲು ಕೂತರೆ ಒಂದು ಪೆನ್ನೂ ಟಿಕ್ ಅನ್ನಲಿಲ್ಲ. ಎಲ್ಲದರ ಸ್ಪ್ರಿಂಗು ನೀನು ಕಿತ್ತಿದ್ದೆ. ಗಾಡಿಯ ಬಿರುಸು ಸ್ಪ್ರಿಂಗು ತೆಗೆದು, ಪೆನ್ನಿನ ಮೆತ್ತನೆಯವನ್ನು ಕತ್ತರಿಸಿ ಕೂರಿಸಿದೆ. ಗಾಡಿ ಕುಸಿದು ಕೂತಂತೆ ಕಂಡಿತು. “ಕೂಡಲಿ ಬಿಡು, ತಗ್ಗಿ ಕೂತದ್ದು ಲಗೂನ ಬೀಳೂದಿಲ್ಲ. ತಗ್ಗು ಬಂದಲ್ಲಿ ಗಾಲಿ ತಾನ ಕೆಳಗ ಜಾರ್ತದ,” ಅಂದೆ. ಕಾಯಿಸಿದ ದಬ್ಬಣದಿಂದ ಪ್ಲಾಸ್ಟಿಕ್ಕಿನಲ್ಲಿ ಹೊಸ ತೂತು ಕೊರೆದು, ನೆಟ್ಟಗೆ ನಿಂತಿದ್ದ ಶಾಕ್ ಅಬ್ಸಾರ್ಬರುಗಳನ್ನು ಓರೆಯಾಗಿ ಮಲಗಿಸಿದೆ. ಗಾಲಿ ಮೊದಲಿಗಿಂತ ಎರಡರಷ್ಟು ಮೇಲೆ ಕೆಳಗೆ ಆಡತೊಡಗಿತು. ಖರ್ಚು? ನನ್ನ ಪೆನ್ನುಗಳು.

ಸನ್ನತಿಗೆ ಹೋದದ್ದು ಚಂದ್ರಲಾಂಬೆಯ ದರ್ಶನಕ್ಕೆಂದು ಅವ್ವನಿಗೆ ಹೇಳಿದ್ದೆವು. ದರ್ಶನವೂ ಆಯಿತೆನ್ನು. ಆದರೆ ನೀನು ಹುಡುಕಿದ್ದು ನಿನ್ನ ಶಾಲೆಯ ಗೆಳೆಯ ದ್ಯಾವಪ್ಪನನ್ನು. ಅವನು ಭೀಮಾ ದಂಡೆಯಲ್ಲಿ ಹರಿದ ಬಲೆ ಹರವಿಕೊಂಡು ಕೂತಿದ್ದ. ಬಲೆ ಮುಳುಗಲೆಂದು ಅಂಚಿಗೆ ಕಟ್ಟುವ ಸೀಸದ ಗುಂಡುಗಳನ್ನು ನೀನು ಕೇಳಿದಾಗ ಅವನು ನನ್ನ ಮುಖ ನೋಡಿದ.

“ಗುರಣ್ಣ, ನೀವು ಆಚಾರ್ಯರ ಮನಿಯವ್ರು. ಬಲಿ ಸೀಸ ನಿಮಗ್ಯಾಕ ಬೇಕಾತ್ರೀ?”

“ಮೀನ ಹಿಡ್ಯಾಂಗಿಲ್ಲೋ, ಗುಡ್ಡ ಹಿಡೀತೀನಿ.”

“ಹಿಡೀರಿ, ಹಿಡೀರಿ. ಗುಡ್ಡ ಏನು ಓಡಿ ಹೋಗೂದಿಲ್ಲ,” ಅಂದು ಒಂದು ಮುಷ್ಟಿ ಕೊಟ್ಟ. ಮುಂದಿನ ಎರಡು ಗಾಲಿಗಳ ಟೈರಿನೊಳಗೆ ಅವನ್ನು ತುಂಬಿದೆ. ಭಾರ ಮುಂದೆ ಮತ್ತು ಕೆಳಗಿದ್ದರೆ ಏರುವಾಗ ಗಾಡಿ ಹಿಂದಕ್ಕೆ ಮಗಚುವುದಿಲ್ಲ. ಸೀಸ ಎಲ್ಲಿಂದ ಬಂತೆಂದು ಗೊತ್ತಾದಾಗ ಅವ್ವ ಗಾಡಿಯನ್ನು ದೇವರ ಮನೆಯ ಮುಂದಿನಿಂದ ಒಯ್ಯಕೂಡದೆಂದು ತಾಕೀತು ಮಾಡಿದಳು. ಅಂದಿನಿಂದ ಅದು ಹಿತ್ತಲಿನಿಂದ ಸುತ್ತು ಹಾಕಿ ಬೀದಿಗೆ ಹೋಗುತ್ತಿತ್ತು.

ಧನುರ್ಮಾಸದ ಹುಗ್ಗಿಗೆಂದು ಅವ್ವ ಕಾಸಿಟ್ಟ ತುಪ್ಪದ ಬಟ್ಟಲು ಕಟ್ಟೆಗೆ ಬಂದದ್ದು ಆ ದಿನಗಳಲ್ಲೇ. ಶಾಕ್ ಅಬ್ಸಾರ್ಬರಿಗೆ ನೀನು ಹಾಕಿದ ಹೊಲಿಗೆ ಮಷಿನ್ನಿನ ಎಣ್ಣೆ ಸಂಜೆಯೊಳಗೆ ಸೋರಿ ಹೋಗುತ್ತಿತ್ತು. ಸವೆದ ರಬ್ಬರಿಗೆ ಬದಲಿ ಸಿಗುತ್ತಿರಲಿಲ್ಲ. “ತುಪ್ಪ ದಪ್ಪ ಇರ್ತದ, ಸೋರೂದಿಲ್ಲ,” ಅಂದು ಹನಿ ಹನಿ ಬಿಟ್ಟೆ. ಮಧ್ಯಾಹ್ನದ ಬಿಸಿಲಿನಲ್ಲಿ ಹಿತ್ತಲಲ್ಲಿ ಒಡಕು ಪರಸಿಗಳನ್ನು ಒಟ್ಟಿ ಗಾಡಿಯನ್ನು ಹತ್ತಿಸಿದೆವು. ಎಷ್ಟು ಚೆಂದ ಹತ್ತಿತು ಅದು. ಒಂದೊಂದು ಗಾಲಿ ಒಂದೊಂದು ಕಲ್ಲನ್ನು ಮುಟ್ಟಿ ನೋಡಿ, ಒಪ್ಪಿಕೊಂಡು ಮುಂದಕ್ಕೆ ಹೋದ ಹಾಗಿತ್ತು. ನಿನ್ನ ಮುಖದಲ್ಲಿದ್ದ ಬೆಳಕನ್ನು ನಾನು...

ಮರುದಿನ ಭಾನುವಾರದ ಬೆಳಿಗ್ಗೆ ಮಾತ್ರ ನೆನಪಿಸಿಕೊಳ್ಳಲು ಇಷ್ಟು ದಿನ ಹೆದರುತ್ತಿದ್ದೆ. ಊರಾಚೆಯ ಹಳೆಯ ಕಲ್ಲಿನ ಖಣಿಯಲ್ಲಿ ಮಂಜಿನ್ನೂ ಕರಗಿರಲಿಲ್ಲ. ನಾನು ಎರಡು ಶಾಲು ಹೊದ್ದಿದ್ದೆ. ವಾಡಿಯ ಸಿಮೆಂಟ್ ಕಾಲೊನಿಯಿಂದ ಇಂಜಿನಿಯರ್ ನರಸಾರೆಡ್ಡಿ ಮತ್ತು ಅವರ ಮೂವರು ಗೆಳೆಯರು ಪರದೇಶದ ಗಾಡಿಗಳನ್ನು ತಂದಿದ್ದರು. ಒಡೆದ ಪರಸಿಗಳನ್ನು ಸುರಿದು ಸುರಿದು ಬೆಳೆದ ಗುಡ್ಡೆಯಲ್ಲಿ ಅತಿ ಕಡಿದಾದ ಬದಿಗೆ ಅವರು ಆನಿ ಬೆನ್ನು ಎಂದು ಹೆಸರಿಟ್ಟಿದ್ದರು. ಅವರ ಪೈಕಿ ರೆಡ್ಡಿಯವರ ಗಾಡಿಯೊಂದೇ ಅದನ್ನು ಹತ್ತಿತ್ತು. ನಿನ್ನದು ಮೊದಲ ಕಲ್ಲಿಗೇ ಹಲಗೆಯಂತೆ ಸೆಟೆದು ನಿಂತಿತು. ಒಂದು ಗಾಲಿ ಗಾಳಿಯಲ್ಲಿ ತಿರುಗಿತು. ಇನ್ನೊಮ್ಮೆ ನೂಕಿದೆ. ಮಗಚಿ ಬಿದ್ದಿತು. “ಗುರುರಾಜರೇ, ನಿಮ್ಮ ಗಾಡಿಗಿ ವಾಯು ಹಿಡದದ್ರೀ. ಬಿಸಿನೀರಿನ ಕಾವು ಕೊಡ್ರಿ,” ಎಂದರು ಒಬ್ಬರು. ಎಲ್ಲರೂ ನಕ್ಕರು. ನೀನೂ ನಕ್ಕೆ. ನಕ್ಕು, ಗಾಡಿಯ ಮಣ್ಣೊರೆಸಿ ಹೇಳಿದೆ: “ಯುಗಾದಿಗಿ ಬರ್ರಿ. ಇದೇ ಗಾಡಿ, ಇದೇ ಕಲ್ಲು. ಹತ್ತಿಸಿ ತೋರಸ್ತೀನಿ.”

ಮನೆಗೆ ಬಂದ ನಿನ್ನಲ್ಲಿ ಆ ನಗು ಉಳಿದಿರಲಿಲ್ಲ. ಕಟ್ಟೆಯ ಮೇಲೆ ಕೂತು ಪೆನ್ನಿನ ಸ್ಪ್ರಿಂಗುಗಳನ್ನು ಒಂದೊಂದಾಗಿ ತೆಗೆದು, ಹಳೆಯ ಬಿರುಸಾದವನ್ನೇ ಮತ್ತೆ ಹಾಕಿದೆ. “ನನ್ನ ಲೆಕ್ಕನ ತಪ್ಪಿತ್ತು, ವಸೂ. ಹೊರಸು ಬ್ಯಾರೆ, ಗಾಡಿ ಬ್ಯಾರೆ.” ಸಂಕ್ರಾಂತಿಗೆ ಇನ್ನೂ ಕೆಲವು ದಿನವಿರುವಾಗ, ಕಚೇರಿಗೆಂದು ಚಿತ್ತಾಪುರದ ಬಸ್ಸಿಗೆ ಹೊರಟು ನಿಂತವನು ಎದೆ ಹಿಡಿದುಕೊಂಡು ಅದೇ ಕಟ್ಟೆಯ ಮೇಲೆ ಕೂತೆ. ಅವ್ವ ನೀರು ತರುವಷ್ಟರಲ್ಲಿ...

ನಿನ್ನ ಮೊದಲ ಮಾಸಿಕ ಶ್ರಾದ್ಧದ ಬೆಳಿಗ್ಗೆ ನಾನೊಂದು ಅಪರಾಧ ಮಾಡಿದೆ ಎಂದು ಅವ್ವ ಇವತ್ತಿಗೂ ಹೇಳುತ್ತಾಳೆ. ಎಲೆ ಹಾಕಿತ್ತು. ಅನ್ನದ ಮೇಲೆ ತುಪ್ಪ ಬಡಿಸಲು ನಾನು ಬಟ್ಟಲು ಹಿಡಿದು ಬಂದೆ. ಚಮಚ ಅದರಲ್ಲಿ ನೆಟ್ಟ ಗೂಟದಂತೆ ನಿಂತಿತ್ತು, ಅಲುಗಲಿಲ್ಲ. ಮಂತ್ರ ಹೇಳುತ್ತಿದ್ದ ಆಚಾರ್ಯರು ನಡುವೆ ನಿಲ್ಲಿಸಿ, “ತಂಗೀ, ಥಂಡಿಗಿ ತುಪ್ಪ ಹೆರತದ. ಜರಾ ಕಾಸಿ ತಾ,” ಅಂದರು. ನಾನು ಒಲೆಯ ಹತ್ತಿರ ಹೋದೆ. ಗಟ್ಟಿಯಾದ ತುಪ್ಪ ಅಂಚಿನಿಂದ ಕರಗುತ್ತ ಬಂತು, ಚಮಚ ಮೆಲ್ಲಗೆ ಒಂದು ಪಕ್ಕಕ್ಕೆ ವಾಲಿತು. ಅದನ್ನು ನೋಡುತ್ತ ನಿಂತವಳು ಇದ್ದಕ್ಕಿದ್ದಂತೆ ನಕ್ಕುಬಿಟ್ಟೆ, ಮಾಮಾ. ಎಲ್ಲರಿಗೂ ಕೇಳುವಂತೆ ನಕ್ಕೆ. ನಿನ್ನ ಸ್ಪ್ರಿಂಗು ತಪ್ಪಿರಲಿಲ್ಲ. ತೂತು, ಸೀಸ, ಹೊರಸು ಯಾವುದೂ ತಪ್ಪಿರಲಿಲ್ಲ. ಆ ಚಳಿಯ ಬೆಳಿಗ್ಗೆ ನಾಲ್ಕೂ ಶಾಕ್ ಅಬ್ಸಾರ್ಬರುಗಳಲ್ಲಿ ತುಪ್ಪ ಹೆರೆತು ಕಲ್ಲಾಗಿತ್ತು. ಅಷ್ಟೇ. ಇಷ್ಟು ಸಣ್ಣದು ನಮ್ಮಿಬ್ಬರಿಗೂ ಹೊಳೆಯದೆ ಹೋಯಿತಲ್ಲ. ಧನುರ್ಮಾಸವೆಲ್ಲ ಅದನ್ನು ಕಾಸಿ ಕಾಸಿ ಬಡಿಸಿಕೊಂಡು ಉಂಡವರಲ್ಲವೇ ನಾವು?

ನರಸಾರೆಡ್ಡಿಯವರಿಗೆ ಫೋನ್ ಮಾಡಲು ನನಗೆ ಬಹಳ ದಿನ ಹಿಡಿಯಿತು. ನಿನ್ನ ಮೊಬೈಲಿನಲ್ಲಿ ಅವರ ನಂಬರಿತ್ತು. ಒತ್ತುವುದು, ಆ ಕಡೆ ದನಿ ಕೇಳಿದೊಡನೆ ಕತ್ತರಿಸುವುದು. ಕೊನೆಗೆ ಅವರೇ ತಿರುಗಿ ಮಾಡಿದರು. “ಯಾರ್ರೀ ಅದು? ಗುರುರಾಜರ ನಂಬರಿಂದ ಯಾರು ಮಾತಾಡ್ಲಿಕತ್ತೀರಿ?”

“ಅವರ ಅಕ್ಕನ ಮಗಳ್ರೀ. ಯುಗಾದಿ ಮರುದಿನ ಗಾಡಿ ತರ್ತೀನಿ. ನೀವು ಬರ್ರಿ.”

“ಬ್ಯಾಡಮ್ಮಾ. ಅದು ನಗಚಾಟಿಕಿ ಮಾತು. ಆ ಮನುಷ್ಯನೇ ಇಲ್ದಾಗ ಯಾಕ?”

“ನಮ್ಮ ಮಾಮಾ ನಗಚಾಟಿಕಿಗಿ ಅಂದಿರ್ಲಿಲ್ರೀ.”

ನನ್ನ ದನಿ ನನಗೇ ಅಪರಿಚಿತವಾಗಿತ್ತು. ಅವರು ಬೆಳಿಗ್ಗೆ ಬರುತ್ತೇವೆಂದರು. ಬೆಳಿಗ್ಗೆ ಬೇಡ, ಮಧ್ಯಾಹ್ನ ಊಟವಾದ ಮೇಲೆ ಬನ್ನಿ ಎಂದೆ. “ಶಹಾಬಾದ ಬಿಸಿಲಾಗ, ಖಣಿಯೊಳಗ? ಏನಮ್ಮಾ, ನಮ್ಮನ್ನ ಹಪ್ಪಳ ಮಾಡಿ ಒಣಗಸ್ತೀಯೇನು?” ಅಂದರು. ಆದರೂ ಒಪ್ಪಿದರು. ತುಪ್ಪ ಬದಲಿಸಿ ಬೇರೆ ಎಣ್ಣೆ ಹಾಕಬಹುದಿತ್ತಲ್ಲ ಎಂದು ನೀನು ಕೇಳಬಹುದು. ‘ಇದೇ ಗಾಡಿ’ ಅಂದವನು ನೀನು. ಇದೇ ಗಾಡಿ ಅಂದರೆ ಇದೇ ತುಪ್ಪವೂ ಹೌದು ಎಂದುಕೊಂಡೆ. ಪೆನ್ನಿನ ಸ್ಪ್ರಿಂಗು ಮಾತ್ರ ನೀನು ಕೂರಿಸಿದ್ದ ಹಾಗೆಯೇ ಮತ್ತೆ ಕೂರಿಸಿದೆ.

ಆ ಮಧ್ಯಾಹ್ನ ಖಣಿಯ ಕಲ್ಲಿನ ಮೇಲೆ ಕಾಲಿಡಲಾಗುತ್ತಿರಲಿಲ್ಲ. ವಾಡಿಯವರು ತಲೆಗೆ ಒದ್ದೆ ಟವೆಲು ಸುತ್ತಿಕೊಂಡು ನಿಂತಿದ್ದರು. ಗಾಡಿಯನ್ನು ಅರ್ಧ ಗಂಟೆ ಬಿಸಿಲಿಗಿಟ್ಟು, ಗಾಲಿ ಒತ್ತಿ ನೋಡಿ, ಬಿಟ್ಟೆ. ಮೊದಲ ಕಲ್ಲು ದಾಟಿತು. ಎರಡು ಪರಸಿಗಳ ನಡುವಿನ ಸಂದಿನಲ್ಲಿ ಹಿಂದಿನ ಗಾಲಿ ಇಳಿದು, ತಳ ಸಿಕ್ಕು, ಮತ್ತೆ ಎದ್ದಿತು. ತುದಿಯ ಕಡಿದಾದ ಅಂಚಿನಲ್ಲಿ ಮೂತಿ ಮೇಲೆತ್ತಿ ನಿಂತಿತು. ಜೋರು ಕೊಡಬೇಕೆನಿಸಿತು. ಕೊಡಲಿಲ್ಲ. ಸೀಸದ ಗಾಲಿ ಅಂಚನ್ನು ಅಪ್ಪಿ ಹಿಡಿಯಿತು, ನಾಲ್ಕೂ ಕಾಲು ಊರಿತು, ಗಾಡಿ ಮೇಲೆ ಹೋಗಿ ನಿಂತಿತು. ನರಸಾರೆಡ್ಡಿಯವರು ಹತ್ತಿಹೋಗಿ ಅದನ್ನು ಎತ್ತಿ, ಮೂಗಿನ ಹತ್ತಿರ ಹಿಡಿದರು.

“ಏನಮ್ಮಾ ಇದು, ಹೋಳಗಿ ವಾಸನಿ ಬರ್ಲಿಕತ್ತದ?”

ಆಗ ನಾನು ಮಾತಾಡಿದೆ, ಮಾಮಾ. ಪೆನ್ನು, ದಬ್ಬಣ, ದ್ಯಾವಪ್ಪನ ಬಲೆ, ಹೆರೆತ ತುಪ್ಪ, ಎಲ್ಲವನ್ನೂ, ಆ ಬಿಸಿಲಿನಲ್ಲಿ, ಅಷ್ಟಾಗಿ ಪರಿಚಯವಿಲ್ಲದ ನಾಲ್ವರ ಎದುರು. ಆ ಭಾನುವಾರ ಬೆಳಿಗ್ಗೆ ಗಾಡಿಗೆ ಏನಾಗಿತ್ತೆಂದು ಅವರಿಗೆ ಗೊತ್ತಾಗಲೇಬೇಕಿತ್ತು. ವಾಯು ಹಿಡಿದಿದೆ ಅಂದಿದ್ದವರು ಟವೆಲು ತೆಗೆದು ತಲೆ ಕೆರೆದುಕೊಂಡರು. “ನಾ ಅಂದದ್ದು ಖರೇನ ಆಯ್ತಲ್ರೀ. ಕಾವು ಕೊಡಬೇಕಿತ್ತು,” ಎಂದರು. ಈ ಸಲದ ನಗು ನಿನಗೆ ಕೇಳಬೇಕಿತ್ತು. ಮುಂದಿನ ವಾರ ರೆಡ್ಡಿಯವರು ತಮ್ಮ ಗಾಡಿ ಹೊತ್ತು ನಮ್ಮ ಹಿತ್ತಲಿಗೇ ಬಂದರು. “ಕುಂದ್ರಿ,” ಎಂದು ಅವ್ವ ಹೊರಸು ಹಾಕಿಕೊಟ್ಟಳು.

ಇನ್ನೊಂದು ಸುದ್ದಿ ನಿನ್ನೆ ಬಂದಿದ್ದು. ಚಿಂಚೋಳಿಯ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಲು ನನ್ನನ್ನು ಕರೆದಿದ್ದಾರೆ. ಸದ್ಯಕ್ಕೆ ತಾತ್ಕಾಲಿಕ. ಸಂದರ್ಶನದಲ್ಲಿ ದನಿ ನಡುಗಿತು, ಆದರೆ ಮಾತು ನಿಲ್ಲಲಿಲ್ಲ. ಮರಳುವ ಮುಂಚೆ ಚಂದ್ರಂಪಳ್ಳಿಯ ಕೆರೆ ನೋಡಿ ಬಂದೆ. ಅಲ್ಲಿ ನಮ್ಮ ಪರಸಿಯಂಥ ಚಪ್ಪಟೆ ಕಲ್ಲುಗಳಿಲ್ಲ. ಕಾಡಿನ ಅಂಚಿನಲ್ಲಿ ಕರಿಯ ಗುಂಡುಬಂಡೆಗಳು, ಹಿಡಿಯಲು ಅಂಚೇ ಇಲ್ಲದವು. ನಿನ್ನ ಓರೆ ಶಾಕ್ ಅಬ್ಸಾರ್ಬರು ಅಲ್ಲಿ ನಡೆಯುವುದಿಲ್ಲ, ನೋಡಿದೊಡನೆ ತಿಳಿಯಿತು. ಗಾಲಿಗಳ ನಡುವೆ ಇನ್ನಷ್ಟು ಅಗಲ ಬೇಕು, ಹೊಟ್ಟೆ ಇನ್ನೂ ಮೇಲಿರಬೇಕು. ನಿನ್ನ ಗಾಡಿಯನ್ನು ಬಿಚ್ಚಲು ಮನಸ್ಸಿಲ್ಲ. ಆದ್ದರಿಂದ ಹೈದರಾಬಾದಿಗೆ ಹೋಗುವ ರೆಡ್ಡಿಯವರಿಗೆ ಇನ್ನೊಂದು ಹಳೆಯ ಗಾಡಿ ಹುಡುಕಿ ತರಲು ಹೇಳಿದ್ದೇನೆ. “ಆ ಗುಂಡು ಹತ್ತೂದಿಲ್ಲಮ್ಮಾ, ಬರದು ಕೊಡ್ತೀನಿ,” ಅಂದರು ಅವರು. ದಸರಾ ರಜೆಗೆ ಬರ್ರಿ, ಹತ್ತಿಸಿ ತೋರಿಸುತ್ತೇನೆ ಎಂದುಬಿಟ್ಟೆ.

ಹೇಗೆಂದು ಇನ್ನೂ ಗೊತ್ತಿಲ್ಲ. ಈ ಸಲ ಮಾತು ಕೊಟ್ಟವಳು ನಾನೇ.

ನಿನ್ನ
ವಸೂ