ಐದು ನಿಮಿಷದ ಷವರ್

ಮನೆಯಿಂದ,
ಮಾರ್ಚ್ 9, ಭಾನುವಾರ

ಪ್ರೀತಿಯ ಅಕ್ಕಾ,

ಕತ್ತುನೋವು ಹೇಗಿದೆ? ಲ್ಯಾಬಿನಲ್ಲಿ ದಿನವಿಡೀ ಬಗ್ಗಿ ಕೂರಬೇಡ ಎಂದರೆ ನೀನು ಕೇಳುವವಳಲ್ಲ. ಇಲ್ಲಿ ನಾವೆಲ್ಲ ಆರಾಮ ಎಂದು ಬರೆಯಹೊರಟೆ, ಕೈ ಮುಂದೆ ಹೋಗಲಿಲ್ಲ. ಸುಸ್ತಾಗಿದ್ದೇನೆ, ಅಷ್ಟೇ.

ನಮ್ಮ ಕಟ್ಟಡದಲ್ಲಿ ಈಗ ಮನೆಗೊಂದು ನೀರಿನ ಮೀಟರ್. ಮೊದಲ ತಿಂಗಳೇ ಸೆಕ್ರೆಟರಿ ಮೆಟ್ಟಿಲ ಮೇಲೆ ತಡೆದು, "ಏನ್ ಮೇಡಂ, ಮನೇಲಿ ಆನೆ ಸಾಕಿದ್ದೀರಾ?" ಎಂದರು. ವಿಜ್ಞಾನದ ಟೀಚರ್ ಸುಮ್ಮನಿರುತ್ತಾಳೆಯೇ? ಬಕೆಟ್ ಹಿಡಿದು ಅಳೆದೆ. ಅಮ್ಮನ ಮಂಡಿಗೆಂದು ನೀನು ಹಟ ಹಿಡಿದು ಹಾಕಿಸಿದ ಟಬ್ಬಿಗೆ ಒಂದು ಸಲಕ್ಕೆ ಎಂಟು ಬಕೆಟ್. ಅದರ ಮೇಲಿರುವ ಷವರ್ ಐದು ನಿಮಿಷ ಬಿಟ್ಟರೆ ಮೂರು. ನನ್ನ ಮಗಳ ಷವರ್ ಮಾತ್ರ ಒಂಬತ್ತು ಬಕೆಟ್ (ಥೇಟ್ ನಿನ್ನ ಹಾಗೇ, ಬಾಗಿಲು ಬಡಿದರೂ ಹಾಡು ನಿಲ್ಲದು). ಅವಳಿಗೆ ಬೈದೆ. ಅಮ್ಮನಿಗೆ ಬೈಯಲಿಲ್ಲ, ಲೆಕ್ಕ ಬರೆದು ತೋರಿಸಿ, ಇನ್ನು ಟಬ್ಬು ಬೇಡ, ಎಲ್ಲರಿಗೂ ಐದು ನಿಮಿಷದ ಷವರ್ ಎಂದೆ. ಎರಡರಲ್ಲಿ ಯಾವುದು ಹೆಚ್ಚು ನೋಯಿಸುತ್ತದೋ, ಈಗ ಯೋಚಿಸುತ್ತಿದ್ದೇನೆ. "ಆಯ್ತಮ್ಮ, ಎಲ್ರಿಗೂ ಒಂದೇ ರೂಲ್ಸು," ಎಂದು ಅಮ್ಮ ಅಡುಗೆಮನೆಯ ಟೈಮರ್ ಎತ್ತಿಕೊಂಡು ಹೋದಳು.

ಮೀಟರಿನ ಲೆಕ್ಕ ಇಳಿಯಿತು. ಅಮ್ಮನ ಐದು ನಿಮಿಷ ಒಂದು ಸೆಕೆಂಡೂ ಹೆಚ್ಚುಕಡಿಮೆಯಿಲ್ಲ. ನಾನು ಬೀಗುತ್ತಿದ್ದೆ. ನಿನ್ನೆ ಅವಳು ಸ್ನಾನ ಮುಗಿಸಿ ಬಂದ ಮೇಲೆ ಒಗೆಯಲೆಂದು ಟವಲ್ ತೆಗೆದರೆ, ಮಡಿಕೆಯನ್ನೇ ಬಿಚ್ಚಿಲ್ಲ, ಗರಿಗರಿಯಾಗಿದೆ. ಕೇಳಿದೆ. "ಟಬ್ಬಲ್ಲಿ ನಿಂತ್ಕೊಂಡ್ರೆ ಕಾಲು ನಡುಗುತ್ತೆ ಕಣೇ. ನೀರು ಬಿಟ್ಟು ಹೊರಗೆ ಸ್ಟೂಲ್ ಮೇಲೆ ಕೂತಿರ್ತೀನಿ. ಆಮೇಲೆ ಒದ್ದೆ ಬಟ್ಟೇಲಿ ಮೈ ಒರೆಸ್ಕೋತೀನಿ. ನಿನ್ ಲೆಕ್ಕ ತಪ್ಪಬಾರ್ದಲ್ಲ." ಮೂರು ವಾರ, ಅಕ್ಕಾ. ದಿನಕ್ಕೆ ಮೂರು ಬಕೆಟ್ ನೀರು ಯಾರ ಮೈಗೂ ತಾಗದೆ ಹರಿದುಹೋಗಿದೆ. ನಾನು ಅದನ್ನು ಉಳಿತಾಯ ಎಂದು ಬರೆದಿಟ್ಟುಕೊಂಡಿದ್ದೇನೆ. ಕೂತು ಸ್ನಾನ ಮಾಡುವವಳನ್ನು ನಿಲ್ಲಿಸಿದೆನಲ್ಲ, ನಿಲ್ಲಲಾಗುತ್ತದೆಯೇ ಎಂದು ಒಂದು ಮಾತು ಕೇಳಬೇಕೆಂದು ನನಗೇಕೆ ಹೊಳೆಯಲಿಲ್ಲ?

ಭಾವನಿಗೆ ನಮಸ್ಕಾರ ತಿಳಿಸು. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ನೀನೇ ಹೆಸರಿಟ್ಟ,
ಅಳತೆಪುಟ್ಟಿ

ಮರೆತಿದ್ದು: ಮರೆತಿಲ್ಲ, ಬರೆಯಬಾರದೆಂದು ಅಮ್ಮ ಆಣೆ ಹಾಕಿದ್ದಾಳೆ. ಬೆಳಿಗ್ಗೆ ಟಬ್ಬು ತುಂಬಿಸಿ ಕೂರಿಸಿದೆ. ಬಿಸಿನೀರಿಲ್ಲದ ಮೂರು ವಾರದಲ್ಲಿ ಮಂಡಿ ಬಿಗಿದುಹೋಗಿದೆ, ಏಳಲಾಗಲಿಲ್ಲ. ನನ್ನೊಬ್ಬಳ ಕೈಲಿ ಎತ್ತಲೂ ಆಗಲಿಲ್ಲ. ಮಗಳು ಟ್ಯೂಷನ್ನಿನಿಂದ ಬರುವವರೆಗೆ ಬಿಸಿನೀರು ಬಿಡುತ್ತಲೇ ಇದ್ದೆ. ಎಷ್ಟು ಬಕೆಟ್ಟೋ ಎಣಿಸಲಿಲ್ಲ. ರಜೆ ಹಾಕಿ ಬಾ.