ನಲವತ್ತಮೂರರ ಸಾಲು

ಮಾರ್ಚ್ ೧೧, ಬುಧವಾರ

ಪ್ರೀತಿಯ ಚಿನ್ನುವಿಗೆ ಅಕ್ಕನ ಆಶೀರ್ವಾದಗಳು.

ಕನಸಿನಲ್ಲಿ ನೀನು, ನಾನು ಹೊಲಿದ ಕೋಟು ಹಾಕಿಕೊಂಡು, ಗಣಿತದ ಸಭೆಯಲ್ಲಿ ನಿನ್ನ ಅಂಕಿಗಳ ಪಟ್ಟಿ ಓದುತ್ತಿದ್ದೆ. ನಲವತ್ತಮೂರು ಅಂದ ಕೂಡಲೇ ಬೆನ್ನಿನ ಹೊಲಿಗೆ ಪರ್ರನೆ ಬಿಟ್ಟುಕೊಂಡಿತು. ಯಾರೂ ನಗಲಿಲ್ಲ, ಅದೇ ನನಗೆ ಹೆದರಿಕೆ. ಎಂಟು ದಿನದಿಂದ ಇದೇ ಕನಸು. ಕಾಗದ ಬರೆಯಲು ಕೂತು ಕೂತು ಏಳುತ್ತಿದ್ದೇನೆ. ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡ.

ನಿನ್ನ ಭಾವನ ಕೆಮ್ಮು ಕಡಿಮೆಯಾಗಿದೆ. ನಮ್ಮ ಟೈಲರ್ ಅಂಗಡಿಯಲ್ಲಿ ನರ್ಸುಗಳ ಯೂನಿಫಾರಂ ರಾಶಿ ಬಿದ್ದಿದೆ.

ನಿನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು, ನಿಮ್ಮ ಗೈಡ್ ಮೇಡಂ ಓದಲಾರರು ಅಂತ ಪಟ್ಟಿ ನನಗೆ ಕೊಟ್ಟೆಯಲ್ಲ, ಅದನ್ನು ಊಟದ ಬಿಡುವಿನಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಮೇಲೇ ಪ್ರತಿ ಮಾಡಿದೆ. ಕಟಿಂಗ್ ಮಾಸ್ಟರು ಬಗ್ಗಿ ನೋಡಿ, "ಏನಮ್ಮ, ಈ ಅಂಕಿಗಳಿಗೂ ಕಾಜಾ ಹಾಕ್ತೀಯಾ?" ಅಂದರು. "ನನ್ನ ತಮ್ಮ ಅಬೆಲಿಯನ್ ಸರ್ಫೇಸ್ ಅನ್ನೋ ಗಣಿತದ ಆಕಾರಾನ ಎರಡು ಎಲಿಪ್ಟಿಕ್ ಕರ್ವ್ ಆಗಿ ಬಿಡಿಸಿದಾನೆ. ನಿಮ್ಮ ಕತ್ತರಿಗೆ ಆಗುತ್ತಾ?" ಅಂದೆ. ಎಷ್ಟು ಜಂಬ ನನಗೆ.

ಒಂದೊಂದು ಅವಿಭಾಜ್ಯ ಸಂಖ್ಯೆಗೆ ಒಂದೊಂದು ಸಾಲು. ಮೊದಲೆರಡು ಕಾಲಂ ಕರ್ವ್‌ಗಳದ್ದು, ಮೂರನೆಯದು ಸರ್ಫೇಸಿನದು. ಎರಡನ್ನು ಕೂಡಿಸಿದರೆ ಮೂರನೆಯದು ಬರುತ್ತಿತ್ತು. ಅದು ಬರೀ ಮೊತ್ತ ಅಂದುಕೊಂಡೆ. ನಲವತ್ತಮೂರರ ಸಾಲಿನಲ್ಲಿ ಮಾತ್ರ ಎಂಟು, ನಾಲ್ಕು, ಮುಂದೆ ನೀನು ಬರೆದದ್ದು ಹತ್ತು. ಪಾಪ, ನಿದ್ದೆಗೆಟ್ಟು ತಪ್ಪಿದ್ದಾನೆ ಅಂತ ಹನ್ನೆರಡು ಮಾಡಿದೆ. ನಿನಗೂ ಹೇಳಲಿಲ್ಲ.

ಪ್ರತಿ ತಲುಪಿದ ದಿನ ನೀನು ಫೋನಿನಲ್ಲಿ ಕುಣಿದಾಡಿದೆ. "ಮೂರನೇ ಕಾಲಂ ಕೂಡಿಸಿದ್ದಲ್ಲ ಕಣಕ್ಕ, ಬೇರೆನೇ ಲೆಕ್ಕ ಮಾಡಿ ತಂದಿದ್ದು. ಆದ್ರೂ ನಿನ್ನ ಪ್ರತೀಲಿ ನೋಡು, ಎಲ್ಲ ಸಾಲೂ ಕೂಡ್ತಿದೆ. ಒಂದು ತಪ್ಪಿದ್ರೂ ನಾನು ಬಿಡಿಸಿದೆ ಅನ್ನೋದೇ ಸುಳ್ಳಾಗ್ತಿತ್ತು." ನಾನು ಹೂಂ ಅಂದು ಫೋನ್ ಇಟ್ಟುಬಿಟ್ಟೆ. ಬಾಯಿಬಿಟ್ಟು ಹೇಳುವ ಧೈರ್ಯ ಇವತ್ತಿಗೂ ಬಂದಿಲ್ಲ, ಅದಕ್ಕೇ ಈ ಕಾಗದ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನಗೆ ಎಲ್ಲ ಒಳ್ಳೆಯದೇ ಆಗಲಿ, ನನ್ನ ಕೈಯಿಂದ ಕೆಟ್ಟದ್ದು ಆಗದಿರಲಿ.

ನಿನ್ನ ಅಕ್ಕ

ಮತ್ತೆ: ಏಳನೆಯ ತರಗತಿಯಲ್ಲಿ ನನ್ನನ್ನು ಶಾಲೆಯಿಂದ ಬಿಡಿಸಿದ ಮೇಲೆ, ನೀನು ಆಟಕ್ಕೆ ಹೋದಾಗಲೆಲ್ಲ ನಿನ್ನ ಲೆಕ್ಕದ ಪುಸ್ತಕ ತೆಗೆದು, ತಪ್ಪಿದ್ದನ್ನು ನಿನ್ನದೇ ಅಕ್ಷರದ ಹಾಗೆ ತಿದ್ದಿಡುತ್ತಿದ್ದೆ. ಮೇಷ್ಟ್ರು ನಿನ್ನ ಬೆನ್ನು ತಟ್ಟಿದರು ಅಂದರೆ ನನ್ನದೇ ತಟ್ಟಿದ ಹಾಗಾಗುತ್ತಿತ್ತು. ಆ ಚಾಳಿ ನನ್ನ ಕೈಯಿಂದ ಹೋಗಿಲ್ಲ. ಬೈಯುವುದನ್ನು ಆಮೇಲೆ ಬೈ. ಸೋಮವಾರದ ಸಭೆಗೆ ಮುಂಚೆ ನಿನ್ನ ಹಳೆಯ ಹಾಳೆ ತೆಗೆದು, ನಲವತ್ತಮೂರಕ್ಕೆ ಹತ್ತೋ ಹನ್ನೆರಡೋ, ನನ್ನ ಪ್ರತಿ ನೋಡದೆ ಇನ್ನೊಂದು ಸಲ ಲೆಕ್ಕ ಮಾಡು.