ಸೆರುನಿಯ ಜಟೆ, ಮೇಷ್ಟರ ಕ್ರಾಪು

ಅಕ್ಕಾ,

ಇದನ್ನು ಬರೆಯದೆಯೇ ಬಿಡುವುದರಲ್ಲಿದ್ದೆ: ಮಗಳು ಸೆರುನಿಯ ಕೂದಲು ಜಟೆ ಕಟ್ಟಿದೆ. ನಾನು ಮದುವೆಯಾಗಿ ಬಂದ ಈ ಪರದೇಶದ ಡಿಯೆಂಗ್ ಬೆಟ್ಟದಲ್ಲಿ ಕೆಲವು ಮಕ್ಕಳಿಗೆ ಜ್ವರ ಬಂದು ಹೋದ ಮೇಲೆ ಹೀಗಾಗುತ್ತದೆ. ಮಗು ತಾನೇ ಬಾಯಿಬಿಟ್ಟು ಏನಾದರೂ ಕೇಳಬೇಕು, ಅದು ಸಿಗಬೇಕು, ಆಮೇಲೆಯೇ ಕತ್ತರಿ. ಇಲ್ಲದಿದ್ದರೆ ಜ್ವರವೂ ಜಟೆಯೂ ಮರಳಿ ಬರುತ್ತವೆ ಅನ್ನುತ್ತಾರೆ.

ಶಾಲೆಗೆ ಹೊಸದಾಗಿ ಬಂದ ಮೇಷ್ಟರು ನಿನ್ನೆ ಮನೆಗೇ ಬಂದು, "ಸೋಮವಾರ ಈ ತಲೆಯಲ್ಲಿ ಬಂದ್ರೆ ಒಳಗೆ ಸೇರಿಸಲ್ಲ" ಎಂದರು. ಆಲೂಗಡ್ಡೆ ಸುಲಿಯುತ್ತಿದ್ದ ನನ್ನ ಅತ್ತೆ, "ಕತ್ತರಿಸೋಣ ಮೇಷ್ಟ್ರೇ. ಏನ್ ಬೇಕು ಅಂತ ಅವಳನ್ನೇ ಕೇಳಿ" ಎಂದರು.

"ಸೈಕಲ್ ಬೇಕಾ ಪುಟ್ಟಿ? ಗೊಂಬೆ?"

ಸೆರುನಿ ಮೇಷ್ಟರ ಎಣ್ಣೆ ಹಚ್ಚಿದ ಕ್ರಾಪನ್ನೇ ನೋಡುತ್ತಿದ್ದಳು. "ಮೊದ್ಲು ನೀವು ಬೋಳಿಸ್ಕೊಳ್ಳಿ."

ಅತ್ತೆ ಚಾಕು ಕೆಳಗಿಟ್ಟರು. "ಕೇಳಿಸ್ತಲ್ಲ? ಇನ್ನು ಬದಲಾಯಿಸೋ ಹಾಗಿಲ್ಲ. ಕಟಿಂಗ್ ಮಾಡೋನನ್ನ ಈಗ್ಲೇ ಕರೆಸ್ಲಾ, ಟೀ ಕುಡಿದ ಮೇಲಾ?"

ಮೇಷ್ಟರು ಟೀ ಕುಡಿಯಲಿಲ್ಲ.

ಮಗಳನ್ನು ಗದರಿಸಬೇಕಿತ್ತೇ ಎಂದು ಇನ್ನೂ ಕೇಳಿಕೊಳ್ಳುತ್ತಿದ್ದೇನೆ. ಗದರಿಸಲಿಲ್ಲ. ಸೋಮವಾರ ನಾನೇ ಕರೆದೊಯ್ಯುತ್ತೇನೆ. ಒಳಗೆ ಬಿಡದಿದ್ದರೆ ಇಬ್ಬರೂ ಬಾಗಿಲಲ್ಲೇ ಕೂರುತ್ತೇವೆ. ನಿನ್ನ ಮಗನ ಮದುವೆಗೂ ಅವಳು ಇದೇ ತಲೆಯಲ್ಲಿ ಬರುತ್ತಾಳೆ. ಅಲ್ಲಿ ಯಾರಾದರೂ ಇವಳನ್ನು ದೇವಿಗೆ ಬಿಡಬೇಕು ಎಂದು ಆ ಜಟೆಗೆ ಭಂಡಾರ ಹಚ್ಚಲು ಬಂದರೆ ನನ್ನ ಹತ್ತಿರ ಕಳಿಸು.

ಜ್ವರ ಪೂರ್ತಿ ಬಿಟ್ಟಿದೆ, ಚೆನ್ನಾಗಿ ಉಣ್ಣುತ್ತಾಳೆ. ಕಾರ್ಡಿನಲ್ಲಿ ಜಾಗವಿಲ್ಲ.

ಮಂದಾ

ಈ ಕಾರ್ಡನ್ನು ಅಂಚೆಗೆ ಹಾಕುವುದು ಸೋಮವಾರ, ಆಗಸ್ಟ್ ಹನ್ನೊಂದರಂದು, ಅವಳು ತರಗತಿಯೊಳಗೆ ಕೂತ ಮೇಲೆಯೇ; ನಿನ್ನ ಕೈ ಸೇರಿದರೆ ಒಳಗೆ ಬಿಟ್ಟರು ಅಂದುಕೋ.